ಎಂಟು ತಲೆಯ ಲೆಕ್ಕ ಸರಿ ಇದೆ, ಆದರೆ ಮನುಷ್ಯನನ್ನು ಕೂರಿಸಿದ ಕೂಡಲೇ ಎಲ್ಲಾ ಕೆಡುತ್ತದೆ. ಏನು ಮಾಡಲಿ?

ಅರ್ಧಗೆರೆ

ಎಲ್ಲರಿಗೂ ನಮಸ್ಕಾರ. ಮುಖ ಬಿಡಿಸಲು ಪರವಾಗಿಲ್ಲ ಅನ್ನುವಷ್ಟು ಬರುತ್ತದೆ. ಈಗ ಪೂರ್ತಿ ದೇಹಕ್ಕೆ ಕೈ ಹಾಕಿದ್ದೇನೆ, ಅಲ್ಲೇ ಸಿಕ್ಕಿಕೊಂಡಿದ್ದೇನೆ.

ಎಂಟು ತಲೆಯ ಲೆಕ್ಕ ಬಾಯಿಪಾಠ ಆಗಿದೆ. ಒಂದು ನೆಟ್ಟಗಿನ ಗೆರೆ, ಅದಕ್ಕೆ ಎಂಟು ಭಾಗ. ಮೊದಲನೆಯದು ತಲೆ, ಎರಡರ ಕೊನೆಗೆ ಎದೆಯ ತೊಟ್ಟು, ಮೂರಕ್ಕೆ ಹೊಕ್ಕುಳು, ನಾಲ್ಕಕ್ಕೆ ತೊಡೆಸಂದು, ಆರಕ್ಕೆ ಮಂಡಿಯ ಕೆಳಭಾಗ, ಎಂಟಕ್ಕೆ ಅಂಗಾಲು. ಹೀಗೆ ಬಿಡಿಸಿದರೆ ಮನುಷ್ಯ ನೆಟ್ಟಗೆ ನಿಲ್ಲುತ್ತಾನೆ, ಯಾರೂ ತಪ್ಪು ಅನ್ನುವುದಿಲ್ಲ. ಆದರೆ ಅವನನ್ನು ಕುರ್ಚಿ ಮೇಲೆ ಕೂರಿಸಿದರೆ, ಕೈ ಎತ್ತಿಸಿದರೆ, ಸುಮ್ನೆ ಒಂದು ಕಾಲಿನ ಮೇಲೆ ಭಾರ ಹಾಕಿಸಿದರೂ ಸಾಕು, ಎಲ್ಲಾ ಹಾಳು. ಕಾಲು ಗಿಡ್ಡ, ತಲೆ ದೊಡ್ಡದು, ಕೈ ಎಲ್ಲಿಂದಲೋ ತಂದು ಅಂಟಿಸಿದ ಹಾಗೆ.

ನನ್ನ ಪ್ರಶ್ನೆ ಎರಡು. ಸ್ನಾಯುಗಳ ಹೆಸರು, ಜಾಗ ಎಲ್ಲಾ ಕಲಿಯಲೇಬೇಕಾ? ಕಲಿಯಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

ಇದ್ದಿಲು

ನೋಡಿಕೊಂಡು ಬಿಡಿಸುತ್ತೀರೋ, ಮನಸ್ಸಿನಿಂದ ಬಿಡಿಸುತ್ತೀರೋ? ಎದುರಿಗೆ ಫೋಟೋ ಇಟ್ಟುಕೊಂಡಾಗಲೂ ಹೀಗೇ ಆಗುತ್ತದೆ ಅಂದರೆ ಅದಕ್ಕೆ ಬೇರೆ ಔಷಧಿ.

ಅರ್ಧಗೆರೆ

ಎರಡೂ. ನೋಡಿಕೊಂಡು ಬಿಡಿಸಿದಾಗ ತಪ್ಪು ಕಡಿಮೆ, ಆದರೆ ಇರುತ್ತದೆ. ತಲೆಯಿಂದ ಶುರು ಮಾಡಿ ಕೆಳಗೆ ಬರುತ್ತೇನೆ. ಪಾದಕ್ಕೆ ಬರುವಷ್ಟರಲ್ಲಿ ಕಾಗದ ಮುಗಿದಿರುತ್ತದೆ.

ಹಳೇಬ್ರಷ್

ಕಾಗದ ಮುಗಿಯುತ್ತದೆ ಅಂದಿರಲ್ಲ, ಕಾಲು ಗಿಡ್ಡ ಆಗುವುದಕ್ಕೆ ಅರ್ಧ ಕಾರಣ ಅದೇ. ತಲೆಯನ್ನು ಕಣ್ಣು, ಕೂದಲ ಸಮೇತ ಮುಗಿಸಿ ಕೆಳಗೆ ಇಳಿದರೆ ಉಳಿದ ಜಾಗದಲ್ಲಿ ಕಾಲನ್ನು ತುರುಕಬೇಕಾಗುತ್ತದೆ. ಮೊದಲು ನೆತ್ತಿ ಎಲ್ಲಿ, ಅಂಗಾಲು ಎಲ್ಲಿ ಎಂದು ಎರಡು ಗುರುತು ಹಾಕಿ. ಅವೆರಡರ ನಡುವೆ ಸರಿಯಾಗಿ ಅರ್ಧಕ್ಕೆ ಒಂದು ಗುರುತು. ನಿಂತ ವಯಸ್ಕರಲ್ಲಿ ಆ ಅರ್ಧ ಬರುವುದು ತೊಡೆಸಂದಿನ ಹತ್ತಿರ. ಹೊಸಬರು ಅರ್ಧವನ್ನು ಸೊಂಟದ ಬೆಲ್ಟಿನ ಹತ್ತಿರ ಹಾಕುತ್ತಾರೆ. ಅಲ್ಲಿಗೆ ಕಾಲು ಹೋಯಿತು.

ಎಂಟು ತಲೆ ಅನ್ನುವುದು ಚೆನ್ನಾಗಿ ಕಾಣಲಿ ಎಂದು ಸ್ವಲ್ಪ ಎತ್ತರಿಸಿದ ಅಳತೆ. ನಿಜವಾದ ಜನರನ್ನು ಅಳೆದರೆ ಹೆಚ್ಚಿನವರು ಏಳರಿಂದ ಏಳೂವರೆ ತಲೆಯಷ್ಟು ಇರುತ್ತಾರೆ. ಫೋಟೋ ನೋಡಿ ಬಿಡಿಸುವಾಗ ಎಂಟರ ಲೆಕ್ಕ ಹೇರಿದರೆ ಕಣ್ಣು ಒಂದು ಹೇಳುತ್ತದೆ, ಲೆಕ್ಕ ಇನ್ನೊಂದು ಹೇಳುತ್ತದೆ. ಆಗ ಕಣ್ಣನ್ನೇ ನಂಬಿ.

ಎಂಟರ ಲೆಕ್ಕಕ್ಕಿಂತ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಒಂದು ಅಂಗವನ್ನು ಇನ್ನೊಂದರ ಜೊತೆ ಹೋಲಿಸುವ ಅಳತೆಗಳು. ಕೈ ಇಳಿಬಿಟ್ಟಾಗ ಮೊಣಕೈ ಪಕ್ಕೆಲುಬು ಮುಗಿಯುವ ಮಟ್ಟದಲ್ಲಿ ಇರುತ್ತದೆ, ಮಣಿಕಟ್ಟು ತೊಡೆಸಂದಿನ ಮಟ್ಟದಲ್ಲಿ, ಬೆರಳ ತುದಿ ಸುಮಾರು ತೊಡೆಯ ಮಧ್ಯಕ್ಕೆ. ಹಸ್ತ ಗದ್ದದಿಂದ ಕೂದಲು ಶುರುವಾಗುವ ಜಾಗದವರೆಗೆ ಮುಟ್ಟುತ್ತದೆ. ಈಗಲೇ ನಿಮ್ಮ ಮುಖದ ಮೇಲೆ ಕೈ ಇಟ್ಟು ನೋಡಿ. ಪಾದದ ಉದ್ದ ಹೆಚ್ಚುಕಡಿಮೆ ಮೊಣಕೈ ಮಡಿಕೆಯಿಂದ ಮಣಿಕಟ್ಟಿನವರೆಗಿನ ಉದ್ದದಷ್ಟು. ಅಂದರೆ ತಲೆಗಿಂತ ಪಾದ ಉದ್ದ! ಯಾರೂ ಅಷ್ಟು ದೊಡ್ಡ ಪಾದ ಬಿಡಿಸುವ ಧೈರ್ಯ ಮಾಡುವುದಿಲ್ಲ. ಎರಡೂ ಕೈ ಅಡ್ಡಕ್ಕೆ ಚಾಚಿದರೆ ತುದಿಯಿಂದ ತುದಿಗೆ ಸುಮಾರು ಎತ್ತರದಷ್ಟೇ ಆಗುತ್ತದೆ.

ತಲೆ ದೊಡ್ಡದು, ಕೈಪಾದ ಚಿಕ್ಕದು. ಹತ್ತರಲ್ಲಿ ಒಂಬತ್ತು ಜನರ ಚಿತ್ರದಲ್ಲಿ ಕಾಣುವುದು ಇದೇ. ಮುಖಕ್ಕೆ ನಾವು ಬೆಲೆ ಜಾಸ್ತಿ ಕೊಡುತ್ತೇವೆ, ಅದಕ್ಕೆ ಅದು ಕಾಗದದ ಮೇಲೂ ಉಬ್ಬುತ್ತದೆ.

ಮೂಳೆಮಾತು

ಹಳೇಬ್ರಷ್ ಅವರು ಹೇಳಿದ್ದೆಲ್ಲ ಒಪ್ಪುತ್ತೇನೆ. ಆದರೆ ಅವರ ಅಳತೆಗಳು ನಿಂತವನಿಗೆ. ಕೇಳಿದ್ದು ಕೂತವನ ಬಗ್ಗೆ ಅಲ್ವಾ?

ಎಂಟು ತಲೆಯ ಗೆರೆ ಇದೆಯಲ್ಲ, ಅದು ನೆಲದಿಂದ ಎತ್ತರ ಎಷ್ಟು ಅನ್ನುವುದನ್ನು ಮಾತ್ರ ಹೇಳುತ್ತದೆ. ದೇಹ ಬಾಗಿದ ಕೂಡಲೇ ಎತ್ತರ ಬದಲಾಗುತ್ತದೆ. ಬದಲಾಗದೆ ಇರುವುದು ಮೂಳೆಯ ಉದ್ದ. ಹಾಗಾಗಿ ಉದ್ದವನ್ನು ಮೂಳೆಯಿಂದ ಮೂಳೆಗೆ ಅಳೆಯಿರಿ, ನೆಲದಿಂದ ಅಳೆಯಬೇಡಿ.

ಕೂತವನನ್ನೇ ತೆಗೆದುಕೊಳ್ಳಿ. ನೆಟ್ಟಗೆ ಕೂತಾಗ ಕುರ್ಚಿಯಿಂದ ನೆತ್ತಿಯವರೆಗೆ ಸುಮಾರು ನಾಲ್ಕು ತಲೆ. ನೆಲದಿಂದ ಮಂಡಿಯ ಹಿಂದಿನ ಮಡಿಕೆಗೆ ಸುಮಾರು ಎರಡು ತಲೆ. ಹಿಂಭಾಗದಿಂದ ಮಂಡಿಯ ತುದಿಯವರೆಗೆ, ಪಕ್ಕದಿಂದ ನೋಡಿದರೆ, ಎರಡೂವರೆ ತಲೆಯಷ್ಟು. ತೊಡೆ ಇಷ್ಟು ಉದ್ದ ಎಂದರೆ ನಂಬಿಕೆ ಬರುವುದಿಲ್ಲ, ಅದಕ್ಕೇ ಎಲ್ಲರೂ ಅದನ್ನು ಮೊಟಕು ಮಾಡುತ್ತಾರೆ. ಮಂಡಿಯೂರಿ ನೆಟ್ಟಗೆ ನಿಂತರೆ ಎತ್ತರದಲ್ಲಿ ನಾಲ್ಕನೇ ಒಂದು ಭಾಗ ಹೋಗುತ್ತದೆ, ಉಳಿಯುವುದು ಮುಕ್ಕಾಲು.

ಇನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವ ಪ್ರಶ್ನೆ. ಸ್ನಾಯುವಿನಿಂದ ಬೇಡ. ದೇಹದಲ್ಲಿ ಬಾಗದ ಮೂರು ಗಟ್ಟಿ ವಸ್ತು ಇವೆ: ತಲೆಬುರುಡೆ, ಎದೆಗೂಡು, ಸೊಂಟದ ಮೂಳೆ. ಇವನ್ನು ಬೆನ್ನುಮೂಳೆ ಜೋಡಿಸುತ್ತದೆ. ಬಾಗುವುದು, ತಿರುಗುವುದು ಎಲ್ಲಾ ಇವುಗಳ ನಡುವಿನ ಜಾಗದಲ್ಲಿ, ಅಂದರೆ ಕತ್ತಿನಲ್ಲಿ ಮತ್ತು ನಡುವಿನಲ್ಲಿ. ಪಕ್ಕಕ್ಕೆ ಬಾಗಿದಾಗ ಒಂದು ಕಡೆ ಪಕ್ಕೆಲುಬು ಸೊಂಟದ ಮೂಳೆಗೆ ಹತ್ತಿರ ಬಂದು ಚರ್ಮ ಮಡಿಕೆ ಬೀಳುತ್ತದೆ, ಇನ್ನೊಂದು ಕಡೆ ಎಳೆದುಕೊಳ್ಳುತ್ತದೆ. ಎದೆಗೂಡೇ ಬಾಗಿದ ಹಾಗೆ ಬಿಡಿಸಿದರೆ ಅದು ರಬ್ಬರ್ ಪೈಪ್ ಥರ ಕಾಣುತ್ತದೆ.

ಆಮೇಲೆ ಚರ್ಮದ ಕೆಳಗೇ ಇರುವ, ಮುಟ್ಟಿದರೆ ಸಿಗುವ ಮೂಳೆಗಳನ್ನು ಗುರುತು ಹಾಕಿಕೊಳ್ಳಿ. ಕೊರಳ ಗುಳಿ. ಅದರ ಎರಡೂ ಕಡೆಯ ಕೊರಳೆಲುಬು, ಭುಜದ ತುದಿ. ಎದೆಗೂಡಿನ ಕೆಳ ಅಂಚು. ಸೊಂಟದ ಮುಂದೆ ಎರಡು ಬದಿ ಇರುವ ಮೊನೆಗಳು. ತೊಡೆಯ ಹೊರಗೆ ಮೇಲ್ಗಡೆ ಸಿಗುವ ಉಬ್ಬು. ಮಂಡಿಚಿಪ್ಪು, ಮುಂಗಾಲಿನ ಮೂಳೆ, ಕಾಲಿನ ಗಿಣ್ಣುಗಳು. ಹಿಂದುಗಡೆ ಕತ್ತಿನ ಬುಡದ ಉಬ್ಬು, ಹೆಗಲ ಹಲಗೆಯ ಅಂಚು, ಸೊಂಟದ ಎರಡು ಗುಳಿ. ದಪ್ಪ ಇರಲಿ, ಸಣ್ಣ ಇರಲಿ, ಇವು ಎಲ್ಲರಲ್ಲೂ ಇರುತ್ತವೆ. ತೆಳ್ಳಗಿದ್ದವರಲ್ಲಿ ಉಬ್ಬಾಗಿ ಕಾಣುವ ಕೆಲವು ಜಾಗ ಮೈತುಂಬಿದವರಲ್ಲಿ ಗುಳಿಯಾಗಿ ಕಾಣುತ್ತದೆ, ಅಷ್ಟೇ ವ್ಯತ್ಯಾಸ.

ಫೋಟೋ ಪ್ರಿಂಟ್ ತೆಗೆದು ಅದರ ಮೇಲೆ ಕೆಂಪು ಪೆನ್ನಿನಲ್ಲಿ ಈ ಚುಕ್ಕೆಗಳನ್ನು ಇಡುತ್ತಾ ಹೋಗಿ. ಚಿತ್ರ ಬಿಡಿಸುವುದೇ ಬೇಡ, ಚುಕ್ಕೆ ಇಟ್ಟರೆ ಸಾಕು. ಬಟ್ಟೆ ಹಾಕಿದ್ದರೂ ಊಹಿಸಿ ಇಡಿ.

ಕಾಮಿಕ್‌ಹುಚ್ಚ

ನಾನು ಸ್ವಲ್ಪ ಜಗಳಕ್ಕೆ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಚುಕ್ಕೆ, ಅಳತೆ, ಮೂಳೆ ಎಂದು ಶುರು ಮಾಡಿದವರ ಚಿತ್ರ ಸರಿಯಾಗಿರುತ್ತದೆ, ಆದರೆ ಜೀವ ಇರುವುದಿಲ್ಲ. ಅರ್ಧಗೆರೆ ಅವರ ತೊಂದರೆ ಅಳತೆ ಗೊತ್ತಿಲ್ಲ ಅನ್ನುವುದಲ್ಲ. ಅಳತೆ ಮೊದಲು ಬರುತ್ತಿದೆ ಅನ್ನುವುದು. ಮೊದಲು ಜೆಸ್ಚರ್ ಮಾಡಿ, ಅಂದರೆ ವಿವರ ಬಿಟ್ಟು ಭಂಗಿಯನ್ನಷ್ಟೇ ಸರಸರ ಗೀಚುವುದು. ಟೈಮರ್ ಇಟ್ಟುಕೊಂಡು 30 ಸೆಕೆಂಡು, ಒಂದು ನಿಮಿಷ, ಜಾಸ್ತಿ ಅಂದರೆ ಎರಡು ನಿಮಿಷ. ಆ ಸಮಯದಲ್ಲಿ ಮೂಗು, ಬೆರಳು ಬಿಡಿಸಲು ಆಗುವುದೇ ಇಲ್ಲ. ತಲೆಯಿಂದ ಭಾರ ಹೊತ್ತ ಕಾಲಿನವರೆಗೆ ಒಂದೇ ಗೆರೆ ಹೇಗೆ ಹರಿಯುತ್ತದೆ ಎಂದು ಹುಡುಕಬೇಕು. ಅವನು ತಳ್ಳುತ್ತಿದ್ದಾನಾ, ಎಳೆಯುತ್ತಿದ್ದಾನಾ, ಸುಸ್ತಾಗಿ ಒರಗಿದ್ದಾನಾ, ಅದು ಕಾಣಬೇಕು. ಉಳಿದದ್ದು ಆಮೇಲೆ.

ಅಳತೆ ತಪ್ಪಿದ ಚಿತ್ರ ಕೆಟ್ಟ ಚಿತ್ರ ಅಂತೇನೂ ಇಲ್ಲ. ಆಂಗ್ರ್ ಎಂಬ ಫ್ರೆಂಚ್ ಕಲಾವಿದ 1814ರಲ್ಲಿ ಬರೆದ ಮಲಗಿದ ಹೆಂಗಸಿನ ಚಿತ್ರ ಇದೆ, ಬೆನ್ನು ನಮ್ಮ ಕಡೆ. ಅದನ್ನು ಕಂಡ ವಿಮರ್ಶಕರು ಬೆನ್ನುಮೂಳೆಗೆ ಮಣಿ ಜಾಸ್ತಿ ಸೇರಿಸಿದ್ದಾನೆ ಎಂದು ಆಡಿಕೊಂಡರು. ಇವತ್ತಿಗೂ ಜನ ಆ ಬೆನ್ನಿನ ಗೆರೆಯನ್ನು ನೋಡುತ್ತಾ ನಿಲ್ಲುತ್ತಾರೆ.

ಇದ್ದಿಲು

ಆಂಗ್ರ್ ಬೇಕೆಂದೇ ಉದ್ದ ಮಾಡಿದ್ದು. ಆ ಮನುಷ್ಯನ ಪೆನ್ಸಿಲ್ ಭಾವಚಿತ್ರಗಳನ್ನು ನೋಡಿ, ಅಳತೆ ಬರುತ್ತಿತ್ತೋ ಇಲ್ಲವೋ ತಿಳಿಯುತ್ತದೆ. ಬರದೇ ತಪ್ಪುವುದು ಬೇರೆ, ಬಂದೂ ಬಿಡುವುದು ಬೇರೆ.

ಆದರೆ ಜೆಸ್ಚರ್ ಬಗ್ಗೆ ನೀವು ಹೇಳಿದ್ದು ಸರಿ. ನನ್ನ ತಕರಾರು ಒಂದೇ. ಬರೀ ಜೆಸ್ಚರ್ ಮಾಡುತ್ತಾ ಹೋದವರ ಪುಸ್ತಕ ನೋಡಿದ್ದೇನೆ, ವರ್ಷಗಟ್ಟಲೆ ಅದೇ ವೇಗದ ಗೆರೆ, ಅದೇ ತಪ್ಪು. ವೇಗವಾಗಿ ಮಾಡಿದ ತಪ್ಪೂ ಅಭ್ಯಾಸ ಆಗುತ್ತದೆ. ಒಂದು ನಿಮಿಷದ ಜೆಸ್ಚರ್ ಮೇಲೆಯೇ ಮತ್ತೆ ಐದು ನಿಮಿಷ ಕೂತು ಮೂಳೆಮಾತು ಹೇಳಿದ ಮೂರು ಗಟ್ಟಿ ವಸ್ತುಗಳನ್ನು ಇಟ್ಟು ನೋಡಬೇಕು. ಎದೆಗೂಡು ಯಾವ ಕಡೆ ವಾಲಿದೆ, ಸೊಂಟ ಯಾವ ಕಡೆ ವಾಲಿದೆ. ಇಷ್ಟಕ್ಕೇ ಚಿತ್ರದ ಅರ್ಧ ಕೆಲಸ ಮುಗಿಯುತ್ತದೆ.

ಒಂದು ಕಾಲಿನ ಮೇಲೆ ಭಾರ ಹಾಕಿದವನ ಬಗ್ಗೆ ಕೇಳಿದ್ದರಿಂದ ಹೇಳುತ್ತೇನೆ. ಭಾರ ಹೊತ್ತ ಕಾಲಿನ ಕಡೆ ಸೊಂಟ ಮೇಲೇರುತ್ತದೆ. ಸಡಿಲ ಬಿಟ್ಟ ಕಾಲಿನ ಕಡೆ ಸೊಂಟ ಇಳಿಯುತ್ತದೆ, ಆ ಮಂಡಿ ಮಡಚಿಕೊಳ್ಳುತ್ತದೆ. ತೂಕ ಸರಿದೂಗಿಸಲು ಭುಜಗಳು ಸಾಮಾನ್ಯವಾಗಿ ಉಲ್ಟಾ ವಾಲುತ್ತವೆ, ಭಾರ ಇರುವ ಕಡೆಯ ಭುಜ ಕೆಳಗೆ. ಗ್ರೀಕ್ ಶಿಲ್ಪಿಗಳು ಕ್ರಿಸ್ತಪೂರ್ವ 5ನೇ ಶತಮಾನದಲ್ಲೇ ಇದನ್ನು ಹಿಡಿದಿದ್ದರು. ಅದಕ್ಕೂ ಮೊದಲಿನ ಅವರ ಯುವಕರ ಮೂರ್ತಿಗಳು ಎರಡೂ ಕಾಲಿನ ಮೇಲೆ ಸಮನಾಗಿ ಬಿಗಿದುಕೊಂಡು ನಿಂತಿವೆ.

ಸರಿ ನಿಂತಿದ್ದಾನಾ, ಬೀಳುತ್ತಾನಾ ಎಂದು ನೋಡಲು ಕೊರಳ ಗುಳಿಯಿಂದ ನೇರ ಕೆಳಗೆ ಒಂದು ತೂಗುಗೆರೆ ಎಳೆಯಿರಿ. ಭಾರವೆಲ್ಲ ಒಂದೇ ಕಾಲಿನ ಮೇಲಿದ್ದರೆ ಅದು ಆ ಪಾದದ ಗಿಣ್ಣಿನ ಹತ್ತಿರ ಬೀಳಬೇಕು. ಎರಡೂ ಕಾಲಿನ ಮೇಲಿದ್ದರೆ ಪಾದಗಳ ನಡುವೆ. ಎರಡೂ ಅಲ್ಲ ಅಂದರೆ ಅವನು ಏನನ್ನೋ ಹಿಡಿದುಕೊಂಡಿರಬೇಕು, ಇಲ್ಲ ನಡೆಯುತ್ತಿರಬೇಕು.

ಕಾಮಿಕ್‌ಹುಚ್ಚ

ಸರಿ ಗುರು, ಐದು ನಿಮಿಷಕ್ಕೆ ಒಪ್ಪಂದ.

ಅರ್ಧಗೆರೆ

ಇಷ್ಟು ಉತ್ತರ ಬರುತ್ತದೆ ಎಂದು ಎಣಿಸಿರಲಿಲ್ಲ, ತುಂಬಾ ಥ್ಯಾಂಕ್ಸ್. ಚುಕ್ಕೆ ಇಡುವ ಕೆಲಸ ಶುರು ಮಾಡಿದ್ದೇನೆ. ಸೊಂಟದ ಮೊನೆಗಳನ್ನು ನಾನು ಇಷ್ಟು ದಿನ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವೆರಡಕ್ಕೆ ಅಡ್ಡ ಗೆರೆ ಎಳೆದರೆ ಸೊಂಟ ಯಾವ ಕಡೆ ವಾಲಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಈಗ ಕೈ ಎತ್ತುವುದರ ಬಗ್ಗೆ ಹೇಳಿ. ಎತ್ತಿದ ಕೈ ಯಾಕೆ ಅಂಟಿಸಿದ ಹಾಗೆ ಕಾಣುತ್ತದೆ? ಮತ್ತೆ ಕೈ ನಮ್ಮ ಕಡೆ ಚಾಚಿದ್ದರೆ ಉದ್ದವನ್ನು ಹೇಗೆ ತೀರ್ಮಾನಿಸುವುದು?

ಮೂಳೆಮಾತು

ಎತ್ತಿದ ಕೈಗೆ ಉತ್ತರ ಕೊರಳೆಲುಬಿನಲ್ಲಿದೆ.

ತೋಳು ಭುಜದ ಹತ್ತಿರ ಶುರುವಾಗುತ್ತದೆ ಎಂದು ನಮಗೆ ಅನ್ನಿಸುತ್ತದೆ. ಆದರೆ ಇಡೀ ತೋಳು ಮುಂಡಕ್ಕೆ ಮೂಳೆಯಿಂದ ಕೂಡಿಕೊಂಡಿರುವುದು ಒಂದೇ ಒಂದು ಜಾಗದಲ್ಲಿ, ಕೊರಳೆಲುಬು ಎದೆಯ ಮಧ್ಯದ ಮೂಳೆಗೆ ಸೇರುವಲ್ಲಿ, ಕೊರಳ ಗುಳಿಯ ಪಕ್ಕ. ಹೆಗಲ ಹಲಗೆ ಎದೆಗೂಡಿನ ಹಿಂಭಾಗದ ಮೇಲೆ ಸ್ನಾಯುಗಳ ಆಸರೆಯಲ್ಲಿ ಜಾರಾಡುತ್ತದೆ. ಕೈಯನ್ನು ಪಕ್ಕದಿಂದ ಪೂರ್ತಿ ಮೇಲೆ ಎತ್ತಿದರೆ ಸುಮಾರು 180 ಡಿಗ್ರಿ ಚಲನೆ. ಅದರಲ್ಲಿ ಸುಮಾರು 120 ಭುಜದ ಕೀಲಿನದ್ದು, ಉಳಿದ 60 ಹೆಗಲ ಹಲಗೆ ತಿರುಗಿದ್ದರಿಂದ. ಹಾಗಾಗಿ ಕೈ ಎತ್ತಿದಾಗ ಭುಜ ಇದ್ದಲ್ಲೇ ಇರುವುದಿಲ್ಲ. ಮೇಲೇರಿ ಕಿವಿಯ ಹತ್ತಿರ ಬರುತ್ತದೆ, ಕೊರಳೆಲುಬು ಓರೆಯಾಗಿ ಮೇಲೆ ಏರುತ್ತದೆ. ನೀವು ಬಹುಶಃ ಭುಜವನ್ನು ಹಳೇ ಜಾಗದಲ್ಲೇ ಬಿಟ್ಟು ತೋಳನ್ನು ಮಾತ್ರ ತಿರುಗಿಸುತ್ತಿದ್ದೀರಿ. ಒಂದು ಕೈಯನ್ನು ಕೊರಳೆಲುಬಿನ ಮೇಲೆ ಇಟ್ಟುಕೊಂಡು ಇನ್ನೊಂದು ಕೈ ಎತ್ತಿ. ಬೆರಳ ಕೆಳಗೆ ಮೂಳೆ ಹೊರಳುವುದು ಗೊತ್ತಾಗುತ್ತದೆ.

ಇಲ್ಲಿ ಎರಡು ಮೂರು ಸ್ನಾಯು ಬೇಕಾಗುತ್ತದೆ. ಎದೆಯ ದೊಡ್ಡ ಸ್ನಾಯು ಎದೆಯಲ್ಲೇ ಮುಗಿಯುವುದಿಲ್ಲ. ಭುಜದ ಗುಂಡನೆಯ ಸ್ನಾಯುವಿನ ಅಡಿಯಿಂದ ಹೋಗಿ ತೋಳಿನ ಮೂಳೆಗೆ ಅಂಟಿಕೊಳ್ಳುತ್ತದೆ. ಬೆನ್ನಿನ ಅಗಲದ ಸ್ನಾಯುವೂ ಹಿಂದಿನಿಂದ ಬಂದು ಅದೇ ಮೂಳೆಗೆ ಸೇರುತ್ತದೆ. ಈ ಎರಡರ ನಡುವಿನ ಹಳ್ಳವೇ ಕಂಕುಳು. ಕೈ ಎತ್ತಿದಾಗ ಇವೆರಡೂ ಎಳೆದುಕೊಂಡು ತೋಳಿನ ಜೊತೆ ಮೇಲೆ ಹೋಗುತ್ತವೆ. ಆ ಎರಡು ಗೆರೆಗಳನ್ನು ಎದೆಯಿಂದ ತೋಳಿಗೆ ಎಳೆದರೆ ಸಾಕು, ಅಂಟಿಸಿದ ಹಾಗೆ ಕಾಣುವುದು ನಿಲ್ಲುತ್ತದೆ.

ಮುಂದೋಳಿನ ಕಥೆಯೂ ಹೇಳಿಬಿಡುತ್ತೇನೆ, ಎಲ್ಲರೂ ಎಡವುವ ಜಾಗ ಅದು. ಅದರಲ್ಲಿ ಎರಡು ಮೂಳೆ. ಕಿರುಬೆರಳ ಕಡೆಯದು ಮೊಣಕೈಗೆ ಬಿಗಿಯಾಗಿ ಕೂತಿದೆ, ಹೆಚ್ಚು ಅಲುಗುವುದಿಲ್ಲ. ಹೆಬ್ಬೆರಳ ಕಡೆಯದು ಅದರ ಸುತ್ತ ತಿರುಗುತ್ತದೆ. ಅಂಗೈ ಮೇಲೆ ಮಾಡಿದಾಗ ಎರಡೂ ಪಕ್ಕಪಕ್ಕ, ಅಂಗೈ ಕೆಳಗೆ ಮಾಡಿದಾಗ ಒಂದರ ಮೇಲೆ ಒಂದು ಅಡ್ಡ. ಆದ್ದರಿಂದ ಮಣಿಕಟ್ಟು ಪೂರ್ತಿ ತಿರುಗಿದರೂ ಮೊಣಕೈ ತಿರುಗಿರುವುದಿಲ್ಲ. ಮಣಿಕಟ್ಟನ್ನು ಚಪ್ಪಟೆ ಪೆಟ್ಟಿಗೆ ಥರ ಬಿಡಿಸಿ, ಅದು ಅಂಗೈ ಜೊತೆ ತಿರುಗಲಿ. ನಡುವಿನ ಮಾಂಸ ತಿರುಚಿಕೊಂಡು ಹೋಗಲಿ.

ಮೊಣಕೈಯಲ್ಲಿ ಇನ್ನೊಂದು ಮಜಾ ಇದೆ. ಹಿಂದಿನಿಂದ ಮೂರು ಮೂಳೆಯ ಗುಬುಟು ಸಿಗುತ್ತವೆ. ಕೈ ನೆಟ್ಟಗಿದ್ದಾಗ ಮೂರೂ ಒಂದೇ ಸಾಲಿನಲ್ಲಿ. ಮಡಚಿದಾಗ ತ್ರಿಕೋನ. ನಿಮ್ಮ ಕೈಯಲ್ಲೇ ಮುಟ್ಟಿ ನೋಡಿ.

ಹಳೇಬ್ರಷ್

ನಮ್ಮ ಕಡೆ ಚಾಚಿದ ಕೈಗೆ, ಅಂದರೆ ಫೋರ್‌ಶಾರ್ಟನಿಂಗ್‌ಗೆ, ತಲೆಯ ಲೆಕ್ಕ ಮರೆತುಬಿಡಿ. ಅಲ್ಲಿ ತೋಳು ಉದ್ದ ಎಂದು ಗೊತ್ತಿರುವುದೇ ಶತ್ರು. ಗೊತ್ತಿದ್ದದ್ದನ್ನು ಕೈ ಬಿಡಿಸಿಬಿಡುತ್ತದೆ, ಕಂಡದ್ದನ್ನು ಬಿಡಿಸುವುದಿಲ್ಲ.

ನಾನು ಮಾಡುವುದು ಹೀಗೆ. ಮೊದಲು ಹಸ್ತ ಮತ್ತು ಭುಜ ಎಲ್ಲೆಲ್ಲಿ ಬರುತ್ತವೆ ಎಂದು ಎರಡು ಜಾಗ ಗುರುತು ಮಾಡುತ್ತೇನೆ. ಅವುಗಳ ನಡುವೆ ಎಷ್ಟು ಕಡಿಮೆ ಜಾಗ ಇದೆ ಎಂದು ನೋಡಿ ನನಗೇ ನಂಬಿಕೆ ಬರುವುದಿಲ್ಲ, ಆದರೂ ಬದಲಾಯಿಸುವುದಿಲ್ಲ. ಆಮೇಲೆ ತೋಳು, ಮುಂದೋಳು ಎರಡನ್ನೂ ಕೊಳವೆಗಳಾಗಿ ಹಾಕುತ್ತೇನೆ. ಕೊಳವೆ ನಮ್ಮ ಕಡೆ ತಿರುಗಿದಷ್ಟೂ ಅದರ ಬಾಯಿ ಅಂಡಾಕಾರದಿಂದ ವೃತ್ತದ ಕಡೆ ತೆರೆದುಕೊಳ್ಳುತ್ತದೆ. ಮುಂದೆ ಇರುವುದು ಹಿಂದೆ ಇರುವುದನ್ನು ಮುಚ್ಚುತ್ತದೆ. ಆ ಮುಚ್ಚುವ ಗೆರೆಯನ್ನು ಧೈರ್ಯವಾಗಿ, ಸ್ವಲ್ಪ ದಪ್ಪವಾಗಿ ಎಳೆಯಿರಿ. ಆಳ ಬರುವುದು ಅಲ್ಲಿಂದ.

ಸುತ್ತಲಿನ ಖಾಲಿ ಜಾಗದ ಆಕಾರವನ್ನೂ ನೋಡಿ. ಸೊಂಟದ ಮೇಲೆ ಕೈ ಇಟ್ಟವನ ತೋಳು ಮತ್ತು ನಡುವಿನ ಮಧ್ಯೆ ಒಂದು ತ್ರಿಕೋನ ಇರುತ್ತದೆ. ತೋಳು ಬಿಡಿಸುವುದಕ್ಕಿಂತ ಆ ತ್ರಿಕೋನ ಬಿಡಿಸುವುದು ಸುಲಭ, ಯಾಕೆಂದರೆ ಅದರ ಬಗ್ಗೆ ನಮಗೆ ಮೊದಲೇ ಏನೂ ಗೊತ್ತಿಲ್ಲ.

ಎದುರಿಗೆ ಮಾಡೆಲ್ ಇದ್ದರೆ ಪೆನ್ಸಿಲ್ ಹಿಡಿದು ಅಳೆಯುವುದು ಎಲ್ಲರಿಗೂ ಗೊತ್ತು. ಆದರೆ ಮೊಣಕೈ ಪೂರ್ತಿ ಚಾಚಿರಬೇಕು, ಒಂದೇ ಕಣ್ಣು ತೆರೆದಿರಬೇಕು, ಕೂತ ಜಾಗ ಬದಲಾಗಬಾರದು. ಒಂದು ತಪ್ಪಿದರೂ ಅಳತೆ ಅಳತೆಯಲ್ಲ. ಕೊನೆಗೆ ಚಿತ್ರವನ್ನು ಕನ್ನಡಿಯಲ್ಲಿ ನೋಡಿ, ಫೋನಿನಲ್ಲಾದರೆ ತಿರುಗಿಸಿ ನೋಡಿ. ಕಣ್ಣಿಗೆ ಅಭ್ಯಾಸವಾಗಿ ಹೋಗಿದ್ದ ತಪ್ಪು ಆಗ ಎದ್ದು ಕಾಣುತ್ತದೆ.

ಫೋಟೋ ವಿಷಯದಲ್ಲಿ ಒಂದು ಎಚ್ಚರಿಕೆ. ಹತ್ತಿರದಿಂದ, ಎದೆಮಟ್ಟಕ್ಕಿಂತ ಮೇಲಿನಿಂದ ತೆಗೆದ ಫೋಟೋದಲ್ಲಿ ತಲೆ ದೊಡ್ಡದಾಗಿ, ಕಾಲು ಚಿಕ್ಕದಾಗಿ ಬರುತ್ತದೆ. ಫೋನಿನಲ್ಲಿ ತೆಗೆದವು ಹೆಚ್ಚಾಗಿ ಹೀಗೇ. ದೂರ ನಿಂತು, ಫೋನನ್ನು ಸೊಂಟದ ಮಟ್ಟದಲ್ಲಿ ಹಿಡಿದು, ಜೂಮ್ ಮಾಡಿ ತೆಗೆಯಿರಿ. ಅಳತೆ ಕಲಿಯಲು ಅಂಥ ಫೋಟೋ ಬೇಕು.

ತಾಳಲೆಕ್ಕ

ಎಂಟು ತಲೆ ಎಲ್ಲಿಂದ ಬಂತು ಎಂದು ಯಾರೂ ಹೇಳಲಿಲ್ಲ, ಹಾಗಾಗಿ ನಾನು ಮಧ್ಯೆ ಬಾಯಿ ಹಾಕುತ್ತೇನೆ.

ರೋಮ್‌ನ ವಾಸ್ತುಶಿಲ್ಪಿ ವಿಟ್ರುವಿಯಸ್ ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ ಬರೆದಿಟ್ಟ ಲೆಕ್ಕ ಇದೆ. ಗದ್ದದಿಂದ ನೆತ್ತಿಗೆ ಎತ್ತರದ ಎಂಟನೇ ಒಂದು ಭಾಗ, ಗದ್ದದಿಂದ ಕೂದಲ ಬುಡಕ್ಕೆ ಹತ್ತನೇ ಒಂದು ಭಾಗ, ಪಾದ ಆರನೇ ಒಂದು ಭಾಗ. ಲಿಯೊನಾರ್ಡೊ ಸುಮಾರು 1490ರಲ್ಲಿ ವೃತ್ತ, ಚೌಕದೊಳಗೆ ಕೈಕಾಲು ಚಾಚಿದ ಮನುಷ್ಯನನ್ನು ಬಿಡಿಸಿದ್ದು ಇದನ್ನು ಹಿಡಿದುಕೊಂಡೇ. ಆದರೆ ಪಾದಕ್ಕೆ ಅವನು ಏಳನೇ ಒಂದು ಭಾಗ ಎಂದು ಬರೆದುಕೊಂಡ.

ನಮ್ಮ ಶಿಲ್ಪಶಾಸ್ತ್ರದ ತಾಳಮಾನದಲ್ಲಿ ಘಟಕ ಬೇರೆ. ತಾಳ ಎಂದರೆ ಮುಖದ ಉದ್ದ, 12 ಅಂಗುಲ. ನವತಾಳದ ಮೂರ್ತಿ 108 ಅಂಗುಲ. ಹಾಗಾಗಿ ನವತಾಳ ಒಂಬತ್ತು ತಲೆ, ಅಷ್ಟೆತ್ತರದ ಮನುಷ್ಯ ಎಲ್ಲಿರುತ್ತಾನೆ ಎಂದು ನಗುವವರು ಮುಖವನ್ನೂ ತಲೆಯನ್ನೂ ಒಂದೇ ಮಾಡಿಕೊಂಡಿದ್ದಾರೆ. ಅಲ್ಲಿ ಒಂದೇ ಅಳತೆಯೂ ಇಲ್ಲ. ಯಾರ ಮೂರ್ತಿ ಅನ್ನುವುದರ ಮೇಲೆ ತಾಳ ಬದಲಾಗುತ್ತದೆ, ಕುಳ್ಳಗಿನ ರೂಪಗಳಿಗೆ ಕಡಿಮೆ ತಾಳ.

ನನಗೆ ಎಲ್ಲಕ್ಕಿಂತ ಹಿಡಿಸುವವನು ಜರ್ಮನಿಯ ಕಲಾವಿದ ಡ್ಯೂರರ್. ದೇಹದ ಅಳತೆಗಳ ಮೇಲೆ ಅವನು ಬರೆದದ್ದು 1528ರಲ್ಲಿ, ಅವನು ಸತ್ತ ಕೆಲವೇ ತಿಂಗಳಿಗೆ ಅಚ್ಚಾಯಿತು. ಇದೇ ಸರಿಯಾದ ದೇಹ ಎಂದು ಒಂದನ್ನು ಕೊಟ್ಟು ಅವನು ಸುಮ್ಮನಾಗಲಿಲ್ಲ. ದಪ್ಪ, ಸಣಕಲು, ಗಂಡು, ಹೆಣ್ಣು, ಮಗು ಎಂದು ಬೇರೆ ಬೇರೆ ಮಾದರಿ ಕೊಟ್ಟ.

ಸಣ್ಣಪೆನ್ಸಿಲ್

ಮಗು ಅಂದಾಗ ನೆನಪಾಯಿತು. ಮಕ್ಕಳನ್ನು ಬಿಡಿಸಿದರೆ ನನ್ನವು ಕುಳ್ಳ ದೊಡ್ಡವರ ಥರ ಕಾಣುತ್ತವೆ. ಇದಕ್ಕೂ ತಲೆ ಲೆಕ್ಕ ಇದೆಯಾ?

ಹಳೇಬ್ರಷ್

ಇದೆ. ಹುಟ್ಟಿದ ಕೂಸು ಸುಮಾರು ನಾಲ್ಕು ತಲೆ. ಎರಡು ವರ್ಷಕ್ಕೆ ಐದರ ಹತ್ತಿರ, ಆರು ವರ್ಷಕ್ಕೆ ಆರರ ಹತ್ತಿರ, ಹದಿಹರೆಯ ಶುರುವಾಗುವಾಗ ಏಳರ ಹತ್ತಿರ. ಬೆಳೆಯುವಾಗ ತಲೆಗಿಂತ ಕಾಲು ಜಾಸ್ತಿ ಬೆಳೆಯುತ್ತದೆ. ಕೂಸಿನ ದೇಹದ ಅರ್ಧ ಹೊಕ್ಕುಳಿನ ಹತ್ತಿರ ಬರುತ್ತದೆ, ದೊಡ್ಡವರಂತೆ ತೊಡೆಸಂದಿನಲ್ಲಲ್ಲ.

ಬರೀ ತಲೆ ದೊಡ್ಡದು ಮಾಡಿದರೆ ಮಗು ಆಗುವುದಿಲ್ಲ. ಮುಖದೊಳಗಿನ ಅಳತೆಯೂ ಬೇರೆ. ದೊಡ್ಡವರ ಕಣ್ಣು ತಲೆಯ ಎತ್ತರದ ಸರಿ ಅರ್ಧಕ್ಕೆ. ಮಗುವಿನದು ಅರ್ಧಕ್ಕಿಂತ ಕೆಳಗೆ, ಹಣೆ ದೊಡ್ಡದು, ದವಡೆ ಚಿಕ್ಕದು. ಕತ್ತು ಸಣ್ಣದು, ಭುಜ ಕಿರಿದು. ನಿಮ್ಮವು ದೊಡ್ಡವರ ಥರ ಕಾಣುವುದಕ್ಕೆ ಹೆಚ್ಚಾಗಿ ಭುಜ ಅಗಲವಾಗಿರುವುದೇ ಕಾರಣ ಇರಬೇಕು.

ಮುದುಕರಿಗೂ ಹೀಗೇ ಒಂದು ಲೆಕ್ಕ. ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ ತೆಳ್ಳಗಾಗುತ್ತದೆ, ಬೆನ್ನು ಬಾಗುತ್ತದೆ, ಎತ್ತರ ಇಳಿಯುತ್ತದೆ. ಕೈಕಾಲಿನ ಮೂಳೆ ಮಾತ್ರ ಗಿಡ್ಡ ಆಗುವುದಿಲ್ಲ. ಅದಕ್ಕೇ ವಯಸ್ಸಾದವರ ಕೈ ಉದ್ದ ಕಾಣುತ್ತದೆ. ಸುಕ್ಕು ಬಿಡಿಸುವ ಮೊದಲು ಇದನ್ನು ಬಿಡಿಸಿ.

ಅರ್ಧಗೆರೆ

ಕೂತವರನ್ನು ಹೊಸದಾಗಿ ಬಿಡಿಸಿದೆ. ತೊಡೆ ಎರಡೂವರೆ ತಲೆ ಇಟ್ಟಾಗ ಬಿಡಿಸುವಾಗ ವಿಚಿತ್ರ ಅನ್ನಿಸಿತು, ಮುಗಿದ ಮೇಲೆ ಸರಿಯಾಗಿ ಕೂತಿದೆ. ಭುಜ ಎತ್ತುವುದೂ ಕೆಲಸ ಮಾಡಿತು. ಕಾಲು ಮಾತ್ರ ಇನ್ನೂ ಎರಡು ಕಂಬ ನಿಲ್ಲಿಸಿದ ಹಾಗೇ ಇದೆ. ಪಾದವಂತೂ ಕೇಳಲೇಬೇಡಿ.

ಮೂಳೆಮಾತು

ಕಾಲಿನ ಎರಡೂ ಬದಿಯ ಉಬ್ಬು ಒಂದೇ ಮಟ್ಟದಲ್ಲಿ ಇಟ್ಟಿರುತ್ತೀರಿ, ಅದಕ್ಕೆ ಕಂಬ ಆಗಿದೆ. ಎದುರಿನಿಂದ ನೋಡಿದರೆ ಮೀನಖಂಡದ ಹೊರಗಿನ ಉಬ್ಬು ಮೇಲೆ, ಒಳಗಿನ ಉಬ್ಬು ಸ್ವಲ್ಪ ಕೆಳಗೆ. ಗಿಣ್ಣುಗಳಲ್ಲಿ ಉಲ್ಟಾ. ಒಳಗಿನದು ಮೇಲೆ, ಹೊರಗಿನದು ಕೆಳಗೆ ಮತ್ತು ಸ್ವಲ್ಪ ಹಿಂದೆ. ಈ ಎರಡು ಓರೆ ಗೆರೆಗಳನ್ನು ಮೊದಲು ಹಾಕಿಕೊಂಡು ಆಮೇಲೆ ಹೊರಗೆರೆ ಎಳೆಯಿರಿ.

ತೊಡೆಯ ಮೂಳೆಯೂ ನೇರ ಇಳಿಯುವುದಿಲ್ಲ. ಸೊಂಟದ ಹೊರಗಿನಿಂದ ಮಂಡಿಯ ಕಡೆಗೆ ಒಳಕ್ಕೆ ವಾಲುತ್ತದೆ. ಪಕ್ಕದಿಂದ ನೋಡಿದರೆ ತೊಡೆ ಮುಂದಕ್ಕೆ ಬಿಲ್ಲಾಗಿ, ಮೀನಖಂಡ ಹಿಂದಕ್ಕೆ ಉಬ್ಬಿ, ಇಡೀ ಕಾಲು ಸಡಿಲವಾದ ಒಂದು ಹಾವುಗೆರೆ. ಮಂಡಿ ಮಡಚಿದಾಗ ಚಿಪ್ಪು ಎಲ್ಲೋ ಹೋಗುವುದಿಲ್ಲ. ಅದು ಕೆಳಗಿನ ಮೂಳೆಗೆ ಬಿಗಿ ಪಟ್ಟಿಯಿಂದ ಕಟ್ಟಿಕೊಂಡಿದೆ, ಅಲ್ಲಿಂದ ದೂರ ಬದಲಾಗುವುದಿಲ್ಲ.

ಪಾದಕ್ಕೆ ಮೂರು ತುಂಡು: ಹಿಮ್ಮಡಿ, ನಡುವಿನ ಕಮಾನು, ಬೆರಳುಗಳು. ಕಮಾನು ಒಳಬದಿಯಲ್ಲಿ ಎತ್ತರ. ಹೊರಬದಿ ಹೆಚ್ಚುಕಡಿಮೆ ನೆಲಕ್ಕೆ ತಾಗಿರುತ್ತದೆ. ಒದ್ದೆ ಕಾಲಿನ ಗುರುತು ನೋಡಿದರೆ ಎಲ್ಲಾ ಅಲ್ಲೇ ಇದೆ. ಶೂ ಹಾಕಿಸಿ ತಪ್ಪಿಸಿಕೊಳ್ಳಬೇಡಿ.

ಕಾಮಿಕ್‌ಹುಚ್ಚ

ಇದನ್ನು ಮೊದಲೇ ಹೇಳಬಾರದಿತ್ತಾ? ನನ್ನ ಕಥೆಯಲ್ಲಿ ಈಜುಗಾರನಿಗೂ ಶೂ ಹಾಕಿಸಿಬಿಟ್ಟಿದ್ದೇನೆ.